ಮಳೆ ಬಂದರೆ ಏಳುವ ಡಬ್ಬಿ

ನಮ್ಮ ಚಿಕ್ಕಪ್ಪನ ಕಾಫಿ ತೋಟ ಆಲ್ದೂರಿನ ಹತ್ತಿರ. ಮಳೆ ಲೆಕ್ಕ ಅವರಿಗೆ ಸೆಂಟಿನಲ್ಲೇ, ಅಂದರೆ ಇಂಚಿನ ನೂರನೇ ಪಾಲಿನಲ್ಲೇ ಆಗಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆಗೆ ಕಾಯುವಾಗಂತೂ ಮೇಲಿನ ಬ್ಲಾಕಿಗೆ ಎಷ್ಟು ಬಿತ್ತು ಅಂತ ಗೊತ್ತಾಗಲೇಬೇಕು, ಸಾಲದೇ ಹೋದರೆ ಸ್ಪ್ರಿಂಕ್ಲರ್ ಹಾಕಬೇಕಲ್ಲ. ಅಲ್ಲಿ ಕರೆಂಟ್ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಅದಕ್ಕೇ ಬ್ಯಾಟರಿಯಲ್ಲಿ ನಡೆಯುವ ಲೋರಾ ಮಳೆಮಾಪಕ ತರಿಸಿದೆ. ಲೋರಾ ಅಂದರೆ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸುದ್ದಿ ಕಳಿಸುವ ರೇಡಿಯೋ. ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹಾಸನದಲ್ಲಿ ಎಂ.ಟೆಕ್ ಮಾಡುವಾಗ ನನ್ನ ಪ್ರಾಜೆಕ್ಟ್ ಇದೇ ವಿಷಯದ ಮೇಲಿತ್ತು, ನೆಟ್‌ವರ್ಕ್ ಸಾಧನಗಳನ್ನು ಕೆಲಸವಿಲ್ಲದಾಗ ಮಲಗಿಸಿ ಕರೆಂಟ್ ಉಳಿಸುವುದು. ಇಂಟರ್ನೆಟ್ಟಿನ ಸ್ವಿಚ್, ರೂಟರ್‌ಗಳನ್ನು ಹೀಗೆ ಮಲಗಿಸಬಹುದಲ್ಲ ಅಂತ 2003ರಲ್ಲೇ ಮಾರುತಿ ಗುಪ್ತಾ, ಸುರೇಶ್ ಸಿಂಗ್ ಎಂಬ ಸಂಶೋಧಕರು ಕೇಳಿದ್ದರು. 2010ರಲ್ಲಿ ಈಥರ್‌ನೆಟ್‌ಗೆ, ಅಂದರೆ ಕೇಬಲ್ ನೆಟ್‌ವರ್ಕಿಗೆ, 802.3ಎಝಡ್ ಎಂಬ ಮಾನದಂಡ ಬಂತು, ಡೇಟಾ ಇಲ್ಲದ ಹೊತ್ತು ಲಿಂಕ್ ಮಲಗುತ್ತದೆ, ಬೇಕಾದಾಗ ಮೈಕ್ರೋಸೆಕೆಂಡುಗಳಲ್ಲಿ ಏಳುತ್ತದೆ. ಮಲಗಿಸುವುದು ಸುಲಭ. ಸರಿಯಾದ ಹೊತ್ತಿಗೆ ಎಬ್ಬಿಸುವುದೇ ತಲೆನೋವು.

ಈ ಮಳೆಮಾಪಕವೂ ಬ್ಯಾಟರಿ ಉಳಿಸಲು ಮಲಗಿಯೇ ಇರುತ್ತದೆ. ಚಿಕ್ಕಪ್ಪನೂ ಮೊದಲ ದಿನ ಅದನ್ನೇ ಕೇಳಿದರು: "ಅಲ್ಲ ಕಣೇ, ಇದು ಮಲಗೇ ಇದ್ರೆ ಮಳೆ ಬಂದಿದ್ದು ಹೆಂಗೆ ಗೊತ್ತಾಗುತ್ತೆ?"

ಮುಚ್ಚಳ ತೆಗೆದು ತೋರಿಸಿದೆ. ಒಳಗೆ ಏತದ ಹಾಗೆ ಅತ್ತಿತ್ತ ವಾಲುವ ಪುಟ್ಟ ಬಟ್ಟಲು. 0.2 ಮಿ.ಮೀ. ಮಳೆ ತುಂಬಿದರೆ ಟಕ್ ಅಂತ ಮಗುಚುತ್ತದೆ. ಆಗ ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದುಹೋಗಿ ಲೆಕ್ಕ ಇಡುವ ಎಲೆಕ್ಟ್ರಾನಿಕ್ ಚಿಪ್ ಅನ್ನು ಎಬ್ಬಿಸುತ್ತದೆ. ಅದು ಒಂದು ಎಣಿಸಿ ಮತ್ತೆ ಮಲಗುತ್ತದೆ. ರೇಡಿಯೋ ಮಾತ್ರ ಪ್ರತಿ ಸಲ ಏಳುವುದಿಲ್ಲ, ಮಳೆ ಇದ್ದರೆ 15 ನಿಮಿಷಕ್ಕೊಮ್ಮೆ, ಇಲ್ಲದಿದ್ದರೆ 6 ಗಂಟೆಗೊಮ್ಮೆ ಎದ್ದು ಮನೆಗೆ ಸುದ್ದಿ ಕಳಿಸುತ್ತದೆ. ಬ್ಯಾಟರಿ ಜಾಸ್ತಿ ತಿನ್ನುವುದು ರೇಡಿಯೋನೇ, ಹಾಗಾಗಿ ಇದನ್ನು ಮಾಡಿದವರ ಮೇಲೆ ನನಗೆ ತುಂಬಾ ಗೌರವ ಬಂತು.

ಆದರೆ ಬ್ಯಾಟರಿ ಎರಡು ತಿಂಗಳೂ ಬರಲಿಲ್ಲ! ಮೀಟರ್ ಹಿಡಿದು ನೋಡಿದರೆ ಮಲಗಿದ್ದಾಗಲೂ 2 ಮಿಲಿಆಂಪ್ ಹೋಗುತ್ತಿದೆ. ಕಾರಣ, ಬೋರ್ಡಿನ ಮೇಲೆ ಹಗಲು ರಾತ್ರಿ ಉರಿಯುವ ಒಂದು ಕೆಂಪು ಎಲ್‌ಇಡಿ, ಅದೂ ಮುಚ್ಚಿದ ಡಬ್ಬಿಯೊಳಗೆ. 2600 ಎಂಎಎಚ್ ಸೆಲ್ಲಿಗೆ ಅದು 54 ದಿನದ ಲೆಕ್ಕ. ಸೋಲ್ಡರಿಂಗ್ ಐರನ್ನಿನಿಂದ ಅದನ್ನು ಕಿತ್ತ ಮೇಲೆ 0.1 ಮಿಲಿಆಂಪಿಗೆ ಇಳಿಯಿತು. ಅದೇ ಸೆಲ್ ಚಾರ್ಜ್ ಮಾಡಿ ಹಾಕಿದ್ದು ಇವತ್ತಿಗೂ ನಡೆಯುತ್ತಿದೆ. ಕೊಂಡವರೆಲ್ಲ ಸೋಲ್ಡರಿಂಗ್ ಕಲಿತಿರುತ್ತಾರಾ? ಕಂಪನಿಯವರು ಇದನ್ನು ಸರಿಮಾಡಲೇಬೇಕು.

ಸುದ್ದಿ ಹಿಡಿಯಲು ಮನೆಯಲ್ಲಿಟ್ಟಿರುವ ಪೆಟ್ಟಿಗೆ, ಗೇಟ್‌ವೇ, ಮಲಗುವ ಹಾಗಿಲ್ಲ, ತೋಟದಿಂದ ಯಾವಾಗ ಸುದ್ದಿ ಬರುತ್ತದೋ ಅಂತ 24 ಗಂಟೆ ಕಿವಿಗೊಟ್ಟಿರಬೇಕು. ಮಲೆನಾಡಲ್ಲಿ ಮಳೆ ಶುರುವಾದರೆ ಕರೆಂಟ್ ಹೋಗುವುದೂ ಗೊತ್ತಿದ್ದದ್ದೇ ಅಲ್ವಾ, ಗೇಟ್‌ವೇಯನ್ನು ಯುಪಿಎಸ್‌ಗೆ ಹಾಕಿ. ಪುಣ್ಯಕ್ಕೆ ಡಬ್ಬಿ ಪ್ರತಿ ಸಲ ಒಟ್ಟು ಲೆಕ್ಕವನ್ನೇ ಕಳಿಸುತ್ತದೆ, ನಡುವೆ ಒಂದೆರಡು ಸುದ್ದಿ ತಪ್ಪಿದರೂ ಮಳೆ ತಪ್ಪುವುದಿಲ್ಲ. ಆ್ಯಪ್ ಮಾತ್ರ ಮಿಲಿಮೀಟರಿನಲ್ಲೇ ತೋರಿಸುತ್ತದೆ. ಒಂದು ಇಂಚು, ಅಂದರೆ 100 ಸೆಂಟ್, 25.4 ಮಿ.ಮೀ. ಅಂತ ಚಿಕ್ಕಪ್ಪನ ಡೈರಿಯ ರಟ್ಟಿನ ಮೇಲೆ ಬರೆದುಕೊಟ್ಟಿದ್ದೇನೆ.

ಕೊಳ್ಳುವವರು ಇನ್ನೊಂದು ನೋಡಿಕೊಳ್ಳಿ. ಜುಲೈನಲ್ಲಿ ಒಂದು ದಿನ ಮನೆ ಹತ್ತಿರ ಧೋ ಅಂತ ಸುರಿಯುತ್ತಿದ್ದರೂ ಆ್ಯಪ್ ಆ ದಿನದ ಮಳೆ ಸೊನ್ನೆ ಸೊನ್ನೆ ಅಂತಲೇ ತೋರಿಸುತ್ತಿತ್ತು. ಹತ್ತಿ ನೋಡಿದರೆ ಸಿಲ್ವರ್ ಓಕ್ ಎಲೆ ಬಿದ್ದು ಆಲಿಕೆ ಕಟ್ಟಿಕೊಂಡಿದೆ, ಬಟ್ಟಲಿಗೆ ಒಂದು ಹನಿಯೂ ಇಳಿದಿಲ್ಲ. ಆಲಿಕೆಗೆ ಜಾಲರಿ ಹಾಕಿಸಿ, ಮರದಿಂದ ದೂರ ಬಯಲಲ್ಲಿ ನಿಲ್ಲಿಸಿ. ನಾವು ಹಾಗೆ ಮಾಡಿದ ಮೇಲೆ ಸೊನ್ನೆ ಬಂದ ದಿನ ನಿಜವಾಗಿಯೂ ಮಳೆ ಇರಲಿಲ್ಲ.