ಬಾಯಲ್ಲಿ ಎರಡೂ ಇವೆ, ಓಟು ಮಾತ್ರ ಬ್ರಿಡ್ಜಿಗೆ

ನನ್ನ ಕೆಳದವಡೆಯಲ್ಲಿ ಎಡಗಡೆ ಬ್ರಿಡ್ಜು, ಬಲಗಡೆ ಇಂಪ್ಲಾಂಟು. ಬ್ರಿಡ್ಜು ಅಂದರೆ ಹೋದ ಹಲ್ಲಿನ ಅಕ್ಕಪಕ್ಕದ ಎರಡು ಹಲ್ಲು ಕೊರೆದು ಅವಕ್ಕೆ ಟೋಪಿಯಂಥ ಕ್ಯಾಪ್ ಹಾಕಿ, ನಡುವೆ ಸುಳ್ಳು ಹಲ್ಲು ಸೇರಿಸಿದ ಮೂರರ ಸಾಲು; ಇಂಪ್ಲಾಂಟು ಅಂದರೆ ದವಡೆ ಮೂಳೆಗೇ ಟೈಟಾನಿಯಂ ಸ್ಕ್ರೂ ಇಳಿಸಿ ಅದರ ಮೇಲೆ ಕೂರಿಸೋ ಹಲ್ಲು. ಎರಡೂ ಕಡೆ ಹೋಗಿದ್ದು ಒಂದೇ ಜಾಗದ ಹಲ್ಲು, ಮೊದಲನೇ ದೊಡ್ಡ ದವಡೆ ಹಲ್ಲು. ಹೋಲಿಸಿ ನೋಡೋಕೆ ಇದಕ್ಕಿಂತ ಅನುಕೂಲವಾದ ಬಾಯಿ ಸಿಗಲಿಕ್ಕಿಲ್ಲ. ತುಮಕೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. "ಯಾವ ಪೈಪು ಒಳ್ಳೇದಣ್ಣ" ಅಂತ ಗಿರಾಕಿ ಕೇಳಿದರೆ ಸುತ್ತಿ ಬಳಸಿ ಮಾತಾಡೋ ಅಭ್ಯಾಸ ನನಗಿಲ್ಲ. ಇಲ್ಲೂ ಮೊದಲೇ ಹೇಳಿಬಿಡ್ತೀನಿ: ನಾಳೆ ಇನ್ನೊಂದು ಹಲ್ಲು ಹೋದರೂ, ಅಕ್ಕಪಕ್ಕದ ಹಲ್ಲು ಒಪ್ಪಿದರೆ ನಾನು ಹಾಕಿಸೋದು ಬ್ರಿಡ್ಜೇ.

ದುಡ್ಡಿನ ವಿಷಯ ಬೇಗ ಮುಗಿಸೋಣ. ಬ್ರಿಡ್ಜಿಗೆ ಕ್ಯಾಪ್ ಒಂದಕ್ಕೆ ಮೂರೂವರೆ ಸಾವಿರದಂತೆ ಮೂರಕ್ಕೆ 10,500 ರೂಪಾಯಿ ಆಯಿತು. ಅದು ಲೋಹದ ಮೇಲೆ ಸಿರಾಮಿಕ್ ಕೂರಿಸಿದ್ದು. ಲೋಹ ಇಲ್ಲದ ಗಟ್ಟಿ ಸಿರಾಮಿಕ್, ಜಿರ್ಕೋನಿಯಾ, ಅಂದಿದ್ದರೆ ಹೆಚ್ಚುಕಡಿಮೆ ಎರಡರಷ್ಟು. ಇಂಪ್ಲಾಂಟಿಗೆ ಕ್ಯಾಪೂ ಸೇರಿ 32,000, ಸ್ಕ್ಯಾನಿನ ದುಡ್ಡು ಬೇರೆ. ನನ್ನ ಆರೋಗ್ಯ ವಿಮೆಯವರು ಎರಡಕ್ಕೂ ಒಂದು ಪೈಸೆ ಬಿಚ್ಚಲಿಲ್ಲ. ಅಪಘಾತದಲ್ಲಿ ಮುರಿದ ಹಲ್ಲಾಗಿದ್ದರೆ ನೋಡಬಹುದಿತ್ತಂತೆ. ಖರ್ಚು ಇನ್ನೂ ತಗ್ಗಬೇಕು ಅನ್ನೋರು ಡೆಂಟಲ್ ಕಾಲೇಜಿನಲ್ಲೊಮ್ಮೆ ವಿಚಾರಿಸಿ. ನಮ್ಮೂರಲ್ಲೇ ಅಗಳಕೋಟೆಯಲ್ಲಿ ಸಿದ್ಧಾರ್ಥ ದಂತ ಕಾಲೇಜಿದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ದರ ಕಮ್ಮಿ, ಆದರೆ ಸರದಿಯಲ್ಲಿ ಕೂರೋ ತಾಳ್ಮೆ ಬೇಕು.

ಬ್ರಿಡ್ಜಿನ ಕೆಲಸ ಒಂದು ವಾರದೊಳಗೆ ಮುಗಿದುಹೋಯಿತು. ಹಲ್ಲು ಕೊರೆದು, ಅಳತೆ ತಗೊಂಡು, ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಿದರು. ಲ್ಯಾಬಿನಿಂದ ಬಂದ ಮೇಲೆ ಅಂಟಿಸಿದರು. ಇಂಪ್ಲಾಂಟಿನಲ್ಲಿ ಹಾಗಲ್ಲ. ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳೋಕೆ ಕೆಳದವಡೆಯಲ್ಲಿ ಸುಮಾರು ಮೂರು ತಿಂಗಳು ಬೇಕು, ಮೇಲ್ದವಡೆಯ ಮೂಳೆ ಮೆದು, ಅಲ್ಲಿ ಆರು ತಿಂಗಳಾದರೂ ಆಯಿತು. ನನಗೆ ಸಕ್ಕರೆ ಕಾಯಿಲೆ ಬೇರೆ. ಮೂರು ತಿಂಗಳ ಸರಾಸರಿ ತೋರಿಸೋ ರಕ್ತಪರೀಕ್ಷೆಯಲ್ಲಿ ಅಂಕಿ ಇಳಿಯೋವರೆಗೆ ಡಾಕ್ಟರು ಮುಟ್ಟೋದಿಲ್ಲ ಅಂದರು. ಅವರು ಹೇಳಿದ್ದು ಸರಿಯೇ, ಸಕ್ಕರೆ ಜಾಸ್ತಿ ಇದ್ದರೆ ಗಾಯವೂ ಮಾಯಲ್ಲ, ಮೂಳೆಯೂ ಕೂಡಲ್ಲ. ಅಂತೂ ಸಂಕ್ರಾಂತಿ ಎಳ್ಳುಬೆಲ್ಲ, ಯುಗಾದಿ ಒಬ್ಬಟ್ಟು ಎಲ್ಲ ಒಂದೇ ಕಡೆ ಅಗಿದೆ.

ಇಂಪ್ಲಾಂಟನ್ನು ಹೀಗಳೆಯೋಕೆ ನಾನು ಕೂತಿಲ್ಲ. ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತೆ ಅನ್ನೋದನ್ನ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ವೈದ್ಯ 1950ರ ದಶಕದಲ್ಲಿ ಮೊಲದ ಕಾಲಿನಲ್ಲಿ ಕಂಡಿದ್ದು. 1965ರಲ್ಲಿ ಅವರು ಮೊದಲ ರೋಗಿಗೆ ಹಾಕಿದ ಇಂಪ್ಲಾಂಟು ಆತ ಸಾಯೋವರೆಗೂ, ಅಂದರೆ ನಾಲ್ಕು ದಶಕ, ಬಾಯಲ್ಲೇ ಇತ್ತು. ನನ್ನ ಮೂಳೆಯಲ್ಲಿರೋ ಸ್ಕ್ರೂ ಕೂಡ ಇವತ್ತಿಗೂ ಕಲ್ಲಿನಂತಿದೆ. ತಕರಾರು ಇರೋದು ಅದರ ಮೇಲಿನ ಸ್ಕ್ರೂನಲ್ಲಿ.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಇಂಪ್ಲಾಂಟ್ ಅಂದರೆ ಒಂದೇ ತುಂಡಲ್ಲ. ಗೋಡೆಗೆ ಪ್ಲಗ್ ಹೊಡೆದು ಅದರೊಳಗೆ ಸ್ಕ್ರೂ ಬಿಗಿದ ಹಾಗೆ: ಮೂಳೆಯೊಳಗೆ ಒಂದು ಭಾಗ, ಅದರ ಮೇಲೆ ಅಬಟ್‌ಮೆಂಟ್ ಅನ್ನೋ ಗೂಟ, ಗೂಟವನ್ನ ಹಿಡಿದಿಡೋಕೆ ಒಂದು ಪುಟ್ಟ ಸ್ಕ್ರೂ, ಎಲ್ಲದರ ಮೇಲೆ ಕ್ಯಾಪು. ಆ ಪುಟ್ಟ ಸ್ಕ್ರೂ ಸಡಿಲಾಗಬಹುದು. ನನ್ನದು ಸಡಿಲಾಯಿತು. ಮೊದಲು ಕಡಲೆಕಾಯಿ ಅಗಿವಾಗ ಹಲ್ಲು ಒಂಚೂರು ತಿರುಗಿದ ಹಾಗನ್ನಿಸಿತು. ಆಮೇಲೆ ನಾಲಿಗೆಯಲ್ಲಿ ಒತ್ತಿದರೂ ಟಿಕ್ ಟಿಕ್. ರಾತ್ರಿ ಮಲಗಿದಾಗ ನಾಲಿಗೆ ಸುಮ್ಮನಿರುತ್ತಾ? ಅದನ್ನೇ ಆಡಿಸ್ತಾ ಇರೋದು.

ಹಾಕಿಸಿದ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಇಂಪ್ಲಾಂಟ್ ಹಾಕ್ತಿದ್ದ ಡಾಕ್ಟರು ಬೆಂಗಳೂರಿನಿಂದ ಭಾನುವಾರ ಮಾತ್ರ ಬರ್ತಿದ್ದವರು. "ಅವರು ಈಗ ಬರ್ತಾ ಇಲ್ಲ ಸಾರ್, ಬೇರೆ ಡಾಕ್ಟ್ರು ಬರ್ತಾರೆ" ಅಂದಳು ಕೌಂಟರಿನ ಹುಡುಗಿ. ಯಾವಾಗ ಅಂದರೆ ಫೋನ್ ಮಾಡ್ತೀವಿ ಅಂದಳು. ಫೋನ್ ಬರಲಿಲ್ಲ. ಕೊನೆಗೆ ನಮ್ಮ ರಸ್ತೆಯಲ್ಲೇ ಇರೋ, ಬ್ರಿಡ್ಜ್ ಹಾಕಿದ್ದ ಡಾಕ್ಟರ ಹತ್ತಿರವೇ ಹೋದೆ. ಅವರು ಎಕ್ಸ್‌ರೇ ತೆಗೆದು, "ಮೂಳೆ ಒಳಗಿರೋದು ಗಟ್ಟಿಯಾಗಿದೆ ಸಾರ್. ಸ್ಕ್ರೂ ಬಿಗಿದರೆ ಆಯ್ತು. ಇದ್ಯಾವ ಕಂಪನೀದು?" ಅಂದರು.

ನನಗೇನು ಗೊತ್ತು? ಕೊಟ್ಟಿದ್ದ ರಸೀದಿಯಲ್ಲಿ "ಇಂಪ್ಲಾಂಟ್ – 1" ಅಂತ ಬಿಟ್ಟರೆ ಬೇರೆ ಅಕ್ಷರ ಇರಲಿಲ್ಲ. ಕಂಪನಿ ಗೊತ್ತಿಲ್ಲದಿದ್ದರೆ ಸ್ಕ್ರೂಡ್ರೈವರ್ ಯಾವುದು ಅಂತ ಗೊತ್ತಾಗಲ್ಲ. ಕೆಲವರ ಸ್ಕ್ರೂ ತಲೆಯಲ್ಲಿ ಆರು ಮೂಲೆಯ ಗುಣಿ, ಕೆಲವರದು ನಕ್ಷತ್ರದಾಕಾರ. ಆರು ಮೂಲೆಯದರಲ್ಲೇ ಒಬ್ಬರದು 1.2 ಮಿಲಿಮೀಟರ್, ಇನ್ನೊಬ್ಬರದು 1.25. ಅಳತೆ ಕೂದಲೆಳೆಯಷ್ಟು ತಪ್ಪಿದರೂ ತಲೆ ಸವೆದುಹೋಗುತ್ತೆ, ಆಮೇಲೆ ಅದನ್ನ ತೆಗೆಯೋದೇ ಇನ್ನೊಂದು ಆಪರೇಷನ್ನು. ನನ್ನ ಅಂಗಡಿಯಲ್ಲಿ ಸೈಕಲ್ಲಿನಿಂದ ಬೋರ್‌ವೆಲ್ಲಿನವರೆಗೆ ಎಲ್ಲದಕ್ಕೂ ಸ್ಪ್ಯಾನರ್, ಅಲನ್ ಕೀ ನೇತಾಡ್ತಿವೆ. ನನ್ನ ಹಲ್ಲಿಗೆ ಒಂದಿಲ್ಲ.

ಡಾಕ್ಟರು ಎಕ್ಸ್‌ರೇ ಫೋಟೋವನ್ನ ತಮ್ಮ ಸ್ನೇಹಿತರಿಗೆಲ್ಲ ಕಳಿಸಿದರು. ಸ್ಕ್ರೂವಿನ ಎಳೆ, ಕುತ್ತಿಗೆಯ ಆಕಾರ ನೋಡಿ ಇಂಥದ್ದೇ ಇರಬೇಕು ಅಂತ ಯಾರೋ ಊಹಿಸಿದರು. ಆ ಡ್ರೈವರು ಬೆಂಗಳೂರಿನಿಂದ ಎರವಲು ಬರೋವರೆಗೆ ಆ ಕಡೆ ಅಗಿಯೋ ಹಾಗಿಲ್ಲ. ಬಂದ ಮೇಲೂ ನೇರವಾಗಿ ಬಿಗಿಯೋ ಹಾಗಿರಲಿಲ್ಲ, ಯಾಕಂದರೆ ಕ್ಯಾಪನ್ನ ಸಿಮೆಂಟ್ ಹಾಕಿ ಅಂಟಿಸಿದ್ದರು. ಸ್ಕ್ರೂ ಅದರ ಕೆಳಗೆ ಹೂತಿತ್ತು. 32 ಸಾವಿರದ ಹಲ್ಲಿನ ನೆತ್ತಿಗೆ ತೂತು ಕೊರೆದು ಒಳಗೆ ಇಳಿದರು. ಡ್ರೈವರು ಪುಣ್ಯಕ್ಕೆ ಸರಿಯಾಗಿ ಕೂತಿತು. ಟಾರ್ಕ್ ವ್ರೆಂಚಿನಲ್ಲಿ ಅಳತೆ ಮಾಡಿ ಬಿಗಿದರು.

ಆಮೇಲೆ ಆ ತೂತಿಗೆ ಏನು ತುರುಕಿದರು ಗೊತ್ತಾ? ನಲ್ಲಿಗೆ ಸುತ್ತೋ ಬಿಳಿ ಟೆಫ್ಲಾನ್ ಟೇಪು! ಸ್ಕ್ರೂ ತಲೆ ಮುಚ್ಚೋಕೆ ಅದನ್ನ ಉಂಡೆ ಕಟ್ಟಿ ಒತ್ತಿ, ಮೇಲೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದರು. ಮುಂದೆ ಮತ್ತೆ ಬಿಚ್ಚಬೇಕಾದರೆ ಟೇಪು ಎಳೆದರೆ ಸಾಕು, ದಾರಿ ಸಲೀಸು. ಎಲ್ಲ ಕಡೆಯೂ ಹೀಗೇ ಮಾಡ್ತಾರಂತೆ. ನಾನು ವರ್ಷಾನುಗಟ್ಟಲೆ ಮಾರಿದ ಮಾಲು ಕೊನೆಗೆ ನನ್ನ ಬಾಯಿಗೇ ಬಂತು.

ಹಾಗಾಗಿ ಇಂಪ್ಲಾಂಟೇ ಬೇಕು ಅನ್ನೋರಿಗೆ ಎರಡು ಮಾತು. ಇಂಪ್ಲಾಂಟಿನ ಡಬ್ಬಿಯ ಮೇಲೆ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರೋ ಸ್ಟಿಕರ್ ಇರುತ್ತೆ. ಅದನ್ನ ಕೇಳಿ ಇಸ್ಕೊಂಡು ಆಧಾರ್ ಕಾರ್ಡಿನ ಜೊತೆ ಇಡಿ. ಎರಡನೇದು, ಕ್ಯಾಪನ್ನ ಅಂಟಿಸೋ ಬದಲು ಸ್ಕ್ರೂನಿಂದ ಕೂರಿಸೋಕೆ ಆಗುತ್ತಾ ಅಂತ ಕೇಳಿ. ಮೇಲಿಂದ ಒಂದು ಫಿಲ್ಲಿಂಗ್ ಕಾಣುತ್ತೆ ಅಷ್ಟೆ, ರಿಪೇರಿ ಸುಲಭ.

ಬ್ರಿಡ್ಜಿಗೇನು ಕಾಟ ಇಲ್ಲವಾ? ಇದೆ. ನಡುವಿನ ಸುಳ್ಳು ಹಲ್ಲಿನ ಕೆಳಗೆ ಊಟ ಹೋಗಿ ಕೂರುತ್ತೆ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆಯೇ ಆದರೂ ಎಲ್ಲೋ ಒಂದು ಸಿಪ್ಪೆ ಉಳಿದು ಅಲ್ಲೇ ಬಿಡಾರ ಹೂಡುತ್ತೆ. ಬಾಟಲಿ ತೊಳೆಯೋ ಬ್ರಷ್ಷನ್ನ ಮರಿ ಮಾಡಿದಂಥ ಸಣ್ಣ ಬ್ರಷ್ಷು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತೆ, ರಾತ್ರಿ ಊಟ ಆದ ಮೇಲೆ ಕೆಳಗೆ ತೂರಿಸಿ ಎಳೀಬೇಕು. ನಾನು ಅಂಗಡಿ ಲೆಕ್ಕ ಬರೆಯೋವಾಗ ಆ ಕೆಲಸವನ್ನೂ ಮುಗಿಸ್ತೀನಿ. ಸೋಮಾರಿಗಳಿಗೆ ಬ್ರಿಡ್ಜ್ ಬೇಡ: ಆಸರೆಯ ಎರಡು ಹಲ್ಲಲ್ಲಿ ಒಂದಕ್ಕೆ ಹುಳುಕು ಹತ್ತಿದರೂ ಮೂರೂ ಕಳಚಬೇಕು. ಇಂಪ್ಲಾಂಟಿಗೆ ಹುಳುಕು ಹಿಡಿಯಲ್ಲ, ಆದರೆ ಸುತ್ತಲಿನ ವಸಡು ಕೊಳೆತರೆ ಮೂಳೆಯೂ ಕರಗುತ್ತೆ, ಅಲ್ಲೂ ಉಜ್ಜೋ ಕೆಲಸ ತಪ್ಪಿದ್ದಲ್ಲ.

ಅನ್ನದಲ್ಲಿ ಕಲ್ಲು ಸಿಕ್ಕಿದರೆ ಎಡಗಡೆ ತಕ್ಷಣ ಗೊತ್ತಾಗುತ್ತೆ, ಬಲಗಡೆ ಕಟಂ ಅಂದ ಮೇಲೆ. ಹಲ್ಲಿನ ಬೇರಿನ ಸುತ್ತ ಒತ್ತಡ ತಿಳಿಯೋ ನಾರಿನ ಪದರ ಇರುತ್ತೆ. ಬ್ರಿಡ್ಜ್ ಕೂತಿರೋದು ನಿಜವಾದ ಬೇರಿನ ಮೇಲೆ, ಟೈಟಾನಿಯಮ್ಮಿಗೆ ಆ ಪದರ ಇಲ್ಲ.

ಬಣ್ಣದಲ್ಲಿ ಎರಡೂ ಫೇಲು. ನಾನು ಹುಟ್ಟಿ ಬೆಳೆದಿದ್ದು ಪಾವಗಡದ ಫ್ಲೋರೈಡ್ ನೀರಿನಲ್ಲಿ, ಹಲ್ಲಿನ ಮೇಲೆ ಕಂದು ಪಟ್ಟೆ. ಡಾಕ್ಟರು ಎ1ರಿಂದ ಡಿ4ರವರೆಗೆ ಹದಿನಾರು ಬಣ್ಣದ ಪಟ್ಟಿ ಹಿಡಿದು ನೋಡಿದರು, ನಮ್ಮ ತಾಲ್ಲೂಕಿನ ಬಣ್ಣ ಅದರಲ್ಲಿರಲಿಲ್ಲ. ಹಿಂದಿನ ಹಲ್ಲು, ಯಾರು ನೋಡ್ತಾರೆ.

ನನ್ನ ತೀರ್ಮಾನಕ್ಕೆ ಇನ್ನೊಂದು ಕಾರಣ ಇದೆ. ಎಡಗಡೆ ಆಸರೆ ಕೊಟ್ಟ ಹಲ್ಲುಗಳಲ್ಲಿ ಒಂದಕ್ಕೆ ಮೊದಲೇ ರೂಟ್ ಕೆನಾಲ್ ಆಗಿತ್ತು, ಇನ್ನೊಂದರಲ್ಲಿ ದೊಡ್ಡ ಬೆಳ್ಳಿ ಫಿಲ್ಲಿಂಗ್ ಇತ್ತು. ಎರಡಕ್ಕೂ ಇವತ್ತಲ್ಲ ನಾಳೆ ಕ್ಯಾಪ್ ಬೇಕೇ ಆಗಿತ್ತು. ಕೊರೆದರೆ ಹೋಗೋ ಆಸ್ತಿ ಅಲ್ಲಿರಲಿಲ್ಲ. ಜೊತೆಗೆ ನನ್ನದು ಒಬ್ಬನೇ ನಡೆಸೋ ಅಂಗಡಿ. ಶಟರ್ ಎಳೆದು ಯಶವಂತಪುರದ ರೈಲು ಹತ್ತಿದರೆ ಆ ದಿನದ ವ್ಯಾಪಾರ ಗೋವಿಂದ. ಬ್ರಿಡ್ಜು ಅಲುಗಿದರೆ ನಮ್ಮ ರಸ್ತೆಯ ಡಾಕ್ಟರೇ ಮತ್ತೆ ಅಂಟಿಸ್ತಾರೆ, ಯಾರ ಡ್ರೈವರೂ ಬೇಡ.

ನಮ್ಮ ಮನೆಯವಳಿಗೆ ಮೇಲ್ದವಡೆಯ ಒಂದು ಹಲ್ಲು ಹೋಗಿದೆ. ಅವಳ ಅಕ್ಕಪಕ್ಕದ ಹಲ್ಲು ಕಬ್ಬು ಸಿಗಿಯೋವಷ್ಟು ಗಟ್ಟಿ, ಅವನ್ನ ಕೊರೆಸು ಅಂತ ನಾನೂ ಹೇಳಲ್ಲ. ಅವಳು ಇಂಪ್ಲಾಂಟೇ ಹಾಕಿಸ್ತಾಳೆ. ವಾರವಿಡೀ ಊರಲ್ಲೇ ಇರೋ ಡಾಕ್ಟರನ್ನ ಹುಡುಕಿದ್ದಾಳೆ, ಸ್ಟಿಕರ್ ಕೊಡ್ತೀರಾ ಅಂತ ಮೊದಲೇ ಕೇಳಿ ಬಂದಿದ್ದಾಳೆ. ಕೊಡ್ತೀವಿ ಅಂದರಂತೆ. ಮುಂದಿನ ವಾರ ಸ್ಕ್ಯಾನು.