ನೃತ್ಯ ಶಿಬಿರಕ್ಕೆ ತೋಟದ ಹೋಂಸ್ಟೇನೋ, ಊರಿನ ಮಂಟಪವೋ?

ಕೊಡಗಿನಲ್ಲಿ ಶನಿವಾರ-ಭಾನುವಾರ ಎರಡು ದಿನದ ಭರತನಾಟ್ಯ ಶಿಬಿರ ಮಾಡುವವರಿಗೆ ಊಟ-ವಸತಿಗೆ ಮುಖ್ಯವಾಗಿ ಎರಡು ದಾರಿ: ಕಾಫಿ ತೋಟದೊಳಗಿನ ಹೋಂಸ್ಟೇ, ಇಲ್ಲವೇ ಗೋಣಿಕೊಪ್ಪ, ವಿರಾಜಪೇಟೆಯಂಥ ಊರುಗಳಲ್ಲಿ ಕೋಣೆಗಳೂ ಇರುವ ಕಲ್ಯಾಣ ಮಂಟಪ. ಎರಡು ಕಡೆಯೂ ನಡೆಸಿ ನೋಡಿದವರ ಮಾತು ಇದು: ಫೋಟೊ ನೋಡಿ ಜಾಗ ಗೊತ್ತು ಮಾಡಬೇಡಿ. ಒಂಬತ್ತಕ್ಕೆ ತರಗತಿ ಶುರುವಾಗಬೇಕೆಂದರೆ ಏಳೂವರೆಗೆ ಎಲ್ಲರ ತಿಂಡಿ ಆಗಿರಬೇಕು, ಅದಕ್ಕೂ ಮೊದಲು ಎಲ್ಲರ ಸ್ನಾನ. ಶಿಬಿರ ಕೆಡುವುದು ಈ ಎರಡರಲ್ಲೇ.

ಹೋಂಸ್ಟೇ ಅಡುಗೆಮನೆ ಹತ್ತು ಹನ್ನೆರಡು ಜನರ ಅಳತೆಯದ್ದು. ಅನ್ನ ಸೇರಿಸಿ ನಾದಿದ ಅಕ್ಕಿ ಒಟ್ಟಿಯ (ಕೊಡಗಿನ ಅಕ್ಕಿ ರೊಟ್ಟಿ) ರುಚಿಗೆ ಮಂಟಪದ ಯಾವ ತಿಂಡಿಯೂ ಸಾಟಿಯಲ್ಲ, ನಿಜ. ಆದರೆ ಒಂದು ಒಟ್ಟಿ ಬೇಯಲು ಎರಡು ನಿಮಿಷ ಬೇಕು. ನಲವತ್ತು ಜನರ ಶಿಬಿರಕ್ಕೆ ತಲಾ ಎರಡೆಂದರೆ ಎಂಬತ್ತು. ಎರಡು ಕಾವಲಿ ಇಟ್ಟರೂ ಒಂದು ಗಂಟೆ ಇಪ್ಪತ್ತು ನಿಮಿಷ. ಕೊನೆಯವರು ತಿಂದು ಕೈ ತೊಳೆಯುವ ಹೊತ್ತಿಗೆ ಮೊದಲು ತಿಂದವರ ತಟ್ಟಡವು (ಭರತನಾಟ್ಯದ ಮೊದಲ ಹೆಜ್ಜೆಗಳ ಅಭ್ಯಾಸ) ಮುಗಿದಿರುತ್ತದೆ. ನೂಪುಟ್ಟು (ಒತ್ತು ಶಾವಿಗೆ) ಕೇಳುವುದೇ ಬೇಡ, ಅಷ್ಟು ಜನಕ್ಕೆ ಒತ್ತುವವರ ರಟ್ಟೆ ಬಿದ್ದುಹೋಗುತ್ತದೆ.

ಮಂಟಪದ ಅಡುಗೆಯವರಿಗೆ ನಲವತ್ತು ಜನ ಲೆಕ್ಕಕ್ಕೇ ಇಲ್ಲ. ಅಲ್ಲಿನ ತೊಂದರೆ ಬೇರೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ, ಬೆಳಿಗ್ಗೆ ಕಲ್ಲಿನಂಥ ಇಡ್ಲಿ. ಹಿಂದಿನ ದಿನ ಸಂಜೆ ಐದರೊಳಗೆ ರುಬ್ಬಿಸಿ, ಪಾತ್ರೆಯನ್ನು ಒಲೆಯ ಪಕ್ಕ ಇಡಲು ಹೇಳಿ. ಅದು ಆಗದಿದ್ದರೆ ಎರಡೂವರೆ ಕಿಲೋ ರವೆಯ ಉಪ್ಪಿಟ್ಟು ಮಾಡಿಸಿ. ಅರ್ಧ ಗಂಟೆಯ ಕೆಲಸ, ನಲವತ್ತು ಜನಕ್ಕೆ ಸಾಕು.

ಬಿಸಿನೀರಿನ ಲೆಕ್ಕವೂ ಹೀಗೇ. 25 ಲೀಟರಿನ, ಎರಡು ಕಿಲೋವಾಟಿನ ಗೀಸರ್ ತಣ್ಣೀರನ್ನು ಚೆನ್ನಾಗಿ ಕಾಯಿಸಲು ಅರ್ಧ ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿದರೆ ಎರಡೂವರೆ ಬಕೆಟ್. ಒಂದು ಕೋಣೆಯಲ್ಲಿ ನಾಲ್ವರಿದ್ದರೆ ಮೂರನೆಯವರಿಗೆ ಉಗುರುಬೆಚ್ಚಗೆ, ನಾಲ್ಕನೆಯವರಿಗೆ ತಣ್ಣೀರು. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಜನರೇಟರ್ ದೀಪ ಉರಿಸುತ್ತದೆ, ಸಾಮಾನ್ಯವಾಗಿ ಗೀಸರಿಗೆ ಸಾಲುವುದಿಲ್ಲ. ಸೌದೆ ಉರಿಯ ಹಂಡೆಯೋ ಬಾಯ್ಲರೋ ಇರುವ ಜಾಗಕ್ಕೆ ನಮ್ಮ ಮೊದಲ ಮತ, ಅದು ಎಷ್ಟೇ ಹಳೆಯದಾಗಿರಲಿ.

ಮಧ್ಯಾಹ್ನದ ಊಟದಲ್ಲಿ ಎರಡೂ ಕಡೆ ಅತಿಯೇ. ಹೋಂಸ್ಟೇಯವರು ಪ್ರೀತಿಯಿಂದ ಪಂದಿಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುತ್ತಾರೆ. ಮಂಟಪದವರು ಮದುವೆ ಊಟದ ಅಭ್ಯಾಸದಲ್ಲಿ ಸಿಹಿ, ಎರಡು ಬಗೆ ಪಲ್ಯ, ಕರಿದ ತಿಂಡಿ. ಇದನ್ನು ಉಂಡು ಎರಡೂವರೆಗೆ ಮಂಡಿ ಬಾಗಿಸಿ ಅರೆಮಂಡಿ ಕೂರಿ ನೋಡೋಣ! ಮಧ್ಯಾಹ್ನ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ ಸಾಕು. ನಲವತ್ತು ಜನಕ್ಕೆ ನಾಲ್ಕು ಕಿಲೋ ಅಕ್ಕಿ. ರಾತ್ರಿ ಹಸಿವು ಹೆಚ್ಚು, ಐದು ಕಿಲೋ ಹಾಕಿಸಿ.

ಪಂದಿಕರಿಯನ್ನು ಶನಿವಾರ ರಾತ್ರಿಗೆ ಇಟ್ಟುಕೊಳ್ಳಿ. ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿ ರಸ) ಬಿದ್ದ ಕರಿಯನ್ನು ಮಧ್ಯಾಹ್ನವೇ ಮಾಡಿಟ್ಟರೆ ರಾತ್ರಿಗೆ ರುಚಿ ಏರುತ್ತದೆಯೇ ಹೊರತು ಕೆಡುವುದಿಲ್ಲ. ತಡವಾಗುವುದು ಕಡಂಬುಟ್ಟು. ಒಂದು ಅಳತೆ ಅಕ್ಕಿ ತರಿಗೆ ಎರಡು ಅಳತೆ ನೀರು ಹಾಕಿ ಕುದಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸುವಷ್ಟರಲ್ಲಿ ಮನೆಯ ಪಾತ್ರೆಗೆ ಒಂದು ಸಲಕ್ಕೆ ಮೂವತ್ತು ಹಿಡಿದರೆ ಹೆಚ್ಚು. ತಲಾ ಮೂರರಂತೆ 120 ಬೇಕು, ಅಂದರೆ ನಾಲ್ಕು ಸಲ ಒಲೆಗೆ ಏರಬೇಕು. ಸಂಜೆ ಐದಕ್ಕೇ ಶುರು ಮಾಡಿಸಿ, ಬೆಂದದ್ದನ್ನು ಮುಚ್ಚಿಡಿಸಿ. ಗಾಳಿಗೆ ಬಿಟ್ಟರೆ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ. ಸಸ್ಯಾಹಾರಿಗಳಿಗೆ ಬೇರೆ ಪಾತ್ರೆ, ಬೇರೆ ಸೌಟು ಎಂದು ಮೊದಲೇ ಹೇಳಿ. ಮಂಟಪ ಗೊತ್ತು ಮಾಡುವ ಮುನ್ನ ಅಲ್ಲಿ ಮಾಂಸ ಬೇಯಿಸಬಹುದೇ ಎಂದೂ ಕೇಳಿಕೊಳ್ಳಿ.

ನಿದ್ದೆಯ ವಿಷಯದಲ್ಲಿ ಮಾತ್ರ ಹೋಂಸ್ಟೇಯೇ ಗೆದ್ದಂತೆ. ಮಂಟಪದಲ್ಲಿ ಕೋಣೆ ಸಿಗದವರು ಹಾಲ್‌ನಲ್ಲಿ ಜಮಖಾನದ ಮೇಲೆ ಮಲಗಬೇಕು, ಬೆಳಿಗ್ಗೆ ಅಡವು ಹಾಕುವಾಗ ಸೊಂಟ ಮಾತಾಡುತ್ತದೆ. ಆದರೆ ತೋಟದೊಳಗಿನ ರಸ್ತೆಗೆ ದೊಡ್ಡ ಬಸ್ ಹೋಗದು. ಹನ್ನೆರಡು ಸೀಟಿನ ಟಿಟಿಯಲ್ಲಿ (ಟೆಂಪೊ ಟ್ರಾವೆಲರ್) ನಾಲ್ಕು ಟ್ರಿಪ್ ಹೊಡೆಯಬೇಕು. ಸಿದ್ದಾಪುರ, ತಿತಿಮತಿ ಕಡೆ ಆನೆಗಳು ತೋಟಕ್ಕೆ ಬರುವುದು ಮಾಮೂಲು. ಊಟದ ಮನೆಯೊಂದು ಕಡೆ, ಮಲಗುವ ಕಾಟೇಜು ಇನ್ನೊಂದು ಕಡೆ ಇದ್ದರೆ ಕತ್ತಲಾಗುವ ಮೊದಲೇ ಊಟ ಮುಗಿಸಿ.

ಜುಲೈ ನಡುವಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮದುವೆಗಳಿಲ್ಲ, ಮಂಟಪ ಸುಲಭವಾಗಿ ಸಿಗುತ್ತದೆ. ಆದರೆ ಮಳೆಯೂ ಆಗಲೇ ಜೋರು. ಒಗೆದ ಪ್ರಾಕ್ಟೀಸ್ ಸೀರೆ ಒಣಗುವುದಿಲ್ಲ, ತಲಾ ಮೂರು ಜೊತೆ ತರಲು ಹೇಳಿ. ತೋಟದಲ್ಲಾದರೆ ಜಿಗಣೆಯೂ ಇದೆ. ಕಚ್ಚಿದ ಕಡೆ ರಕ್ತ ಬೇಗ ನಿಲ್ಲದೆ ಬರಿಗಾಲಲ್ಲಿ ಕುಣಿಯುವವರಿಗೆ ನೆಲವೆಲ್ಲ ಕಲೆ. ಆಗಸ್ಟ್ 3ರ ಸುಮಾರಿಗೆ ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಬಡಿಸಿದರೆ, ಮರುದಿನ ಮೂತ್ರ ಕೆಂಪಾಗುತ್ತದೆ ಎಂದು ಹೊರಗಿನ ಮಕ್ಕಳಿಗೆ ಮುಂಚೆಯೇ ತಿಳಿಸಿ. ಇಲ್ಲದಿದ್ದರೆ ಬೆಳಿಗ್ಗೆ ತಾಯಂದಿರ ಫೋನ್ ನಿಲ್ಲುವುದಿಲ್ಲ.

ರಜೆಯಲ್ಲಿ ಖಾಲಿ ಇರುವ ಶಾಲಾ ಹಾಸ್ಟೆಲ್ ಅಗ್ಗ, ಆದರೆ ಹಾಸಿಗೆಯ ತೇವ ನೋಡಿಕೊಂಡೇ ಒಪ್ಪಿ. ದಸರಾ ರಜೆಯಲ್ಲಿ ಮಡಿಕೇರಿ ಪೇಟೆಯಂತೂ ಬೇಡ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳು ಸಾಗುವ ದಶಮಂಟಪ ಮೆರವಣಿಗೆಗೆ ಊರು ತುಂಬಿರುತ್ತದೆ.

ಹದಿನೈದು ಜನರೊಳಗೆ ಹೋಂಸ್ಟೇ, ಇಪ್ಪತ್ತೈದು ದಾಟಿದರೆ ಮಂಟಪ. ಮಂಟಪ ಹಿಡಿದರೂ ಗುರುಗಳಿಗೆ, ನಟುವಾಂಗ (ತಾಳ ಹಿಡಿದು ನೃತ್ಯ ನಡೆಸುವುದು), ಮೃದಂಗದವರಿಗೆ ಹತ್ತಿರದ ಹೋಂಸ್ಟೇಯಲ್ಲಿ ಎರಡು ಕೋಣೆ ಪ್ರತ್ಯೇಕ ಹಿಡಿಯಿರಿ. ಅಡುಗೆಯವರು ಎಲೆ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ, ಬರದವರ ಎಲೆಗೂ ಕೊಡಬೇಕಾಗುತ್ತದೆ. ಹಾಗಾಗಿ ಪಕ್ಕಾ ಸಂಖ್ಯೆಯನ್ನು ಗುರುವಾರ ಸಂಜೆಯೇ ತಿಳಿಸಿಬಿಡಿ.