ರಾಗಿ ಹಾಲುಬಾಯಿಗೆ ಕಪ್ಪು ಅಚ್ಚುಬೆಲ್ಲ

ಹಾಸನದ ಅಂಗಡಿಯೊಂದರಲ್ಲಿ, ಹಳದಿ ಬೆಲ್ಲಕ್ಕಿಂತ ತುಸು ಹೆಚ್ಚಿನ ಬೆಲೆ ಕೊಟ್ಟು ತಂದ ಕಪ್ಪು ಅಚ್ಚುಬೆಲ್ಲವನ್ನು ಹಾಲುಬಾಯಿ ಮತ್ತು ಶಾವಿಗೆ ಪಾಯಸ ಎರಡರಲ್ಲೂ ಬಳಸಿ ನೋಡಿದೆನು. 1 ಲೋಟ ರಾಗಿಯನ್ನು ರಾತ್ರಿಯಿಡೀ ನೆನೆಸಿ, ತೆಂಗಿನ ತುರಿಯೊಡನೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲಿಗೆ ಒಂದೂವರೆ ಲೋಟ ಬೆಲ್ಲವನ್ನು ಕರಗಿಸಿ ಬೆರೆಸಿ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ತಿರುವಿದಾಗ, ಅದರ ಗಾಢ ಬಣ್ಣವೂ ಪರಿಮಳವೂ ರಾಗಿಗೆ ಎಷ್ಟು ಹೊಂದಿದವೆಂದರೆ ಏಲಕ್ಕಿಯೇ ಬೇಡವೆನಿಸಿತು (ಅಭ್ಯಾಸಬಲದಿಂದ ಹಾಕಿದೆನೆನ್ನಿ). ಆದರೆ ಸೋಸಿದಾಗ ಸಣ್ಣ ಮರಳೂ ಕಬ್ಬಿನ ನಾರೂ ಸಿಕ್ಕವು. ಇದನ್ನು ಸೋಸದೆ ಬಳಸುವಂತಿಲ್ಲ. ಪಾಯಸದಲ್ಲಿ ಹಾಲು ಒಡೆದದ್ದು ಮಾತ್ರ ಬೆಲ್ಲದ ದೋಷವಲ್ಲ, ಕುದಿಯುವ ಹಾಲಿಗೇ ಸುರಿದ ನನ್ನ ಅವಸರ. ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೆರೆಸಿದ ಎರಡನೆಯ ಪಾಯಸ ಒಡೆಯಲಿಲ್ಲ.